ಗಾಡಿ ಕಾಣುವ ಬೆಟ್ಟ

ಅವರು ಯಾವ ಕೋಣೆಗೆ ಹೋದರೂ ಮೊದಲು ನೋಡುತ್ತಿದ್ದುದು ಹೊರಗೆ ಹೋಗುವ ಬಾಗಿಲನ್ನು. ಹೋಟೆಲಿನಲ್ಲಿ, ಮದುವೆಯ ಹಾಲಿನಲ್ಲಿ, ಒಮ್ಮೆ ಗಲ್ಫಿನಲ್ಲಿ, ಅಲ್ ಖೋಬರಿನ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದಾಗ ಕೂಡ. ಒಳಗೆ ಬಂದವರು ಗ್ಯಾಸ್ ಸಿಲಿಂಡರಿನ ಕಡೆ ಒಮ್ಮೆ, ಬಾಲ್ಕನಿಯ ಕಡೆ ಒಮ್ಮೆ ನೋಡಿ, ಬಾಲ್ಕನಿಯ ಬಾಗಿಲಿಗೆ ಅಡ್ಡವಾಗಿದ್ದ ಬಟ್ಟೆ ಒಣಗಿಸುವ ಸ್ಟ್ಯಾಂಡನ್ನು ತಾವೇ ಎತ್ತಿ ಗೋಡೆಯ ಬದಿಗಿಟ್ಟರು. ನನ್ನ ಜೊತೆ ಆ ಮನೆಯಲ್ಲಿದ್ದ ಲವೀನಾ ಟೀಚರ್ ನಾಚಿಕೆಯಿಂದ ಓಡಿ ಬಂದಳು.

"ಕಾಕಾ, ಬಿಡಿ ಮಾರಾಯ್ರೆ, ಅದ್ರಲ್ಲಿ ನಮ್ಮ ಬಟ್ಟೆ ಉಂಟು!"

"ಬೆಂಕಿಗೆ ಯಾರ ಬಟ್ಟೆ ಅಂತ ಗೊತ್ತಾಗುದಿಲ್ಲ ಟೀಚರೇ. ಈಗ ಹೇಳಿ, ಎಂತ ಅಡುಗೆ?"

ಎಲ್ಲರೂ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು. ಉಪ್ಪಿನಂಗಡಿಯ ಕಡೆಯವರು, ಮನೆಮಾತು ಬ್ಯಾರಿ. ಖೋಬರಿನಿಂದ ಒಂದು ಗಂಟೆ ದೂರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಸುರಕ್ಷತಾ ಅಧಿಕಾರಿಯಾಗಿದ್ದರು. ಅದೇ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾನು ಕೆಮಿಸ್ಟ್. ಮಕ್ಕಳ ಕಾಲೇಜಿಗಾಗಿ ಅವರ ಹೆಂಡತಿ ಮಂಗಳೂರಿನಲ್ಲಿ ಮನೆ ಮಾಡಿದ್ದರು. ಇವರು ಇಲ್ಲಿ ಒಬ್ಬರೇ. ಹೆಸರನ್ನು ಬರೆಯುತ್ತಿಲ್ಲ. ಬರೆದರೆ ಅವರು ಮೊದಲು ಕೇಳುವುದು, "ನನ್ನ ಸಹಿ ತಗೊಂಡಿದ್ದೀಯಾ?" ಎಂದು.

ಸಹಿಯ ವಿಷಯ ಸ್ವಲ್ಪ ಹೇಳಬೇಕು. ಕಾರ್ಖಾನೆಯಲ್ಲಿ ಒಂದು ಬೋಲ್ಟು ಬಿಚ್ಚಬೇಕಾದರೂ ಮೊದಲು ಪರ್ಮಿಟ್ ಎಂಬ ಕಾಗದ ಆಗಬೇಕು. ಏನು ಕೆಲಸ, ಏನು ಅಪಾಯ, ಎಷ್ಟು ಹೊತ್ತಿಗೆ ಮುಗಿಸಬೇಕು, ಯಾರ ಹೊಣೆ, ಎಲ್ಲ ಅದರಲ್ಲಿರುತ್ತದೆ. ಜೊತೆಗೆ ಪ್ರತಿಯೊಬ್ಬರ ಜೇಬಿನಲ್ಲೂ ಅಂಗೈಯಗಲದ ಒಂದು ಹಳದಿ ಚೀಟಿ. ಯಾರಿಗೆ ಏನೇ ಸರಿ ಕಾಣದಿದ್ದರೂ ಅದನ್ನು ಎತ್ತಿ ತೋರಿಸಿದರೆ ಸಾಕು, ಕೆಲಸ ನಿಲ್ಲುತ್ತದೆ. ಕಸ ಗುಡಿಸುವವನು ತೋರಿಸಿದರೂ ಮ್ಯಾನೇಜರ್ ನಿಲ್ಲಬೇಕು. ಆ ಕ್ಷಣದಲ್ಲಿ ಯಾಕೆ ಎಂದು ಯಾರೂ ಕೇಳುವಂತಿಲ್ಲ. ಕಾರಣವನ್ನು ಆಮೇಲೆ ಕಾಗದದಲ್ಲಿ ಬರೆದರಾಯಿತು.

ಆ ಕಾರಣದ ಬಗ್ಗೆ ಮಾತ್ರ ಕಾಕ ಬಹಳ ಕಟ್ಟುನಿಟ್ಟು. ಒಮ್ಮೆ ಒಬ್ಬ ವೆಲ್ಡರ್ ತಲೆಸುತ್ತು ಬಂದು ಕೆಲಸ ನಿಲ್ಲಿಸಿದ. ನಾಚಿಕೆಯಿಂದ ಕಾಗದದಲ್ಲಿ 'ಗಾಳಿ ಹೆಚ್ಚಿತ್ತು' ಎಂದು ಬರೆದ. ಕಾಕ ಆ ದಿನದ ಗಾಳಿಯ ಅಳತೆಯನ್ನು ತರಿಸಿ ನೋಡಿದರು. ಆಮೇಲೆ ಅವನನ್ನು ನೆರಳಿನಲ್ಲಿ ಕೂರಿಸಿ, ನೀರು ಕುಡಿಸಿ, ಬೈಯದೆ, ಹೊಸ ಕಾಗದ ಕೊಟ್ಟರು. "ನಾಳೆ ಇನ್ನೊಬ್ಬ ಇದನ್ನು ಓದಿ ಅದೇ ಜಾಗಕ್ಕೆ ಹತ್ತುದು. ನೀನು ಅವನಿಗೆ ಸುಳ್ಳು ಹೇಳಿದ ಹಾಗಾಗ್ತದೆ," ಎಂದು ಅವನ ಹಿಂದಿಯಲ್ಲಿ ಅವನಿಗೆ ವಿವರಿಸಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೆ.

ರಜೆಯ ದಿನಗಳಲ್ಲಿ ನಾವು ಐದಾರು ಜನ ಅವರ ಹಿಂದೆ ಬೆಟ್ಟ ಹತ್ತುತ್ತಿದ್ದೆವು. ಹೆಚ್ಚಾಗಿ ಹೊಫೂಫಿನ ಕಡೆಯ ಕಲ್ಲುಗುಡ್ಡಗಳು. ಅಲ್ಲಿಗೂ ಕಾಕನ ಪರ್ಮಿಟ್ ಬರುತ್ತಿತ್ತು, ದುಂಡಗಿನ ಕನ್ನಡದಲ್ಲಿ ಗೆರೆ ಎಳೆದು ಅವರೇ ಮಾಡಿದ್ದು. ಹೊರಡುವ ಹೊತ್ತು, ತಿರುಗುವ ಹೊತ್ತು, ನಿಲ್ಲಿಸಿದ್ದರೆ ಕಾರಣ. ಎಲ್ಲರ ಜೇಬಿಗೂ ಒಂದೊಂದು ಹಳದಿ ಚೀಟಿ. ನಮ್ಮ ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ನವೀನ್, ಬೆಂಗಳೂರಿನವನು, ಇದನ್ನು ನೋಡಿ ಮೊದಲ ದಿನವೇ ನಕ್ಕಿದ್ದ. "ಕಾಕಾ, ವಾಕಿಂಗಿಗೂ ಇಕಾಮಾ ಕೇಳ್ತೀರಲ್ಲ ಗುರುವೇ!" ಎಂದಿದ್ದ. ಇಕಾಮಾ ಎಂದರೆ ಇಲ್ಲಿ ವಾಸಕ್ಕೆ ಬೇಕಾದ ಸರಕಾರಿ ಪರವಾನಗಿ. ಕಾಕ ಅವನ ಜೇಬಿಗೆ ಚೀಟಿ ತುರುಕಿ, "ಯಲ್ಲಾ, ನಡಿ," ಎಂದಿದ್ದರು.

ಪ್ರತಿ ವರ್ಷ ಚಳಿಗಾಲದಲ್ಲಿ ಯಾವುದಾದರೂ ಒಂದು ಬೆಳಿಗ್ಗೆ ಎಲ್ಲರ ಫೋನಿಗೂ ದೇಶದ ಇನ್ನೊಂದು ತುದಿಯ ತಬೂಕಿನ ಕಡೆಯ ಹಿಮದ ವಿಡಿಯೋಗಳು ಬರುತ್ತವೆ. ಮರಳಿನ ದೇಶದಲ್ಲಿ ಬೆಳ್ಳಗಿನ ಬೆಟ್ಟ, ಅದರ ಮೇಲೆ ಕಪ್ಪು ಕಾಫಿ ಕಾಯಿಸುವ ಜನ, ಮಂಜಿನಲ್ಲಿ ನಿಂತ ಒಂಟೆ. ನಾಲ್ಕು ವರ್ಷದ ಹಿಂದೆ ಹಾಗೆ ಬಂದಾಗ ನವೀನ್ ಹಠ ಹಿಡಿದ. ಮುಂದಿನ ಚಳಿಗಾಲದಲ್ಲಿ ನಾವೂ ಹತ್ತಲೇಬೇಕು. ಕಾಕ ಬೇಡ ಎನ್ನಲಿಲ್ಲ. "ಒಂದು ವರ್ಷ ಸಮಯ ಕೊಡಿ, ಆರಿಸ್ತೇನೆ," ಎಂದರು. ಸುಮ್ಮನೆ ಹೇಳಿದ ಮಾತಾಗಿರಲಿಲ್ಲ. ಅಕ್ಟೋಬರಿನಲ್ಲಿ, ಹಿಮದ ಸುಳಿವೇ ಇಲ್ಲದಾಗ, ರಜೆ ಹಾಕಿ ತಬೂಕಿಗೆ ಹೋಗಿ ನಾಲ್ಕು ದಿನ ಒಬ್ಬರೇ ಬೋಳು ಬೆಟ್ಟಗಳನ್ನು ನಡೆದು ಬಂದರು.

ಬಂದ ಮೇಲೆ ಸಮುದ್ರದ ದಂಡೆಯ ಚಹಾದಂಗಡಿಯಲ್ಲಿ ನಮ್ಮನ್ನು ಸೇರಿಸಿದರು. ನವೀನ್ ಮೊದಲೇ ಒಂದು ವಿಡಿಯೋ ತಂದಿದ್ದ. ಅತಿ ಎತ್ತರದ ಬೆಟ್ಟದ ಕಡಿದಾದ ಕೊರಕಲಿನಲ್ಲಿ ಯಾರೋ ಹಿಮ ತುಳಿಯುತ್ತ ನೇರ ಹತ್ತುವುದು.

"ಇದ್ರಲ್ಲಿ ಹೋದ್ರೆ ಎರಡೇ ಗಂಟೆ ಕಾಕಾ. ತುದಿ."

"ಇಳಿಯುವ ವಿಡಿಯೋ ಉಂಟಾ?"

"ಇಳಿಯೋದನ್ನ ಯಾರು ಹಾಕ್ತಾರೆ?"

"ಹಾಗಾದ್ರೆ ಅವ ಇನ್ನೂ ಮೇಲೆಯೇ ಇದ್ದಾನೆ."

ಎಲ್ಲರೂ ನಕ್ಕೆವು. ಕಾಕ ಚಹಾದ ತಟ್ಟೆಯನ್ನು ಖಾಲಿ ಮಾಡಿ ಅದರ ಮೇಲೆ ಸಕ್ಕರೆ ಸುರಿದರು. ತಟ್ಟೆಯ ಒಂದು ಬದಿಯನ್ನು ನಿಧಾನವಾಗಿ ಎತ್ತಿದರು. ಸಕ್ಕರೆ ಅಲ್ಲೇ ಇತ್ತು. ಇನ್ನೂ ಎತ್ತಿದರು, ಅಲ್ಲೇ ಇತ್ತು. ಮತ್ತೆ ಸ್ವಲ್ಪ ಎತ್ತಿದಾಗ ಒಮ್ಮೆಲೇ ಇಡೀ ಸಕ್ಕರೆ ಜಾರಿ ಲವೀನಾಳ ಮಡಿಲಿಗೆ ಬಿತ್ತು.

"ನೋಡಿ, ಜಾರುವ ತನಕ ಏನೂ ಆಗುದಿಲ್ಲ. ಅದೇ ತೊಂದರೆ. ನಮ್ಮ ಬೆಟ್ಟ ಇದರ ಅರ್ಧ ಓರೆಯೂ ಇರ್ಬಾರ್ದು."

ಅವರು ಆರಿಸಿದ್ದು ದೊಡ್ಡ ಬೆಟ್ಟದ ಪಕ್ಕದ, ಅದಕ್ಕಿಂತ ತಗ್ಗಿನ, ಎಮ್ಮೆಯ ಬೆನ್ನಿನಂತೆ ಅಗಲವಾದ ಒಂದು ದಿಣ್ಣೆ. ಅದಕ್ಕೆ ಯಾರೂ ಹೆಸರಿಟ್ಟಂತಿರಲಿಲ್ಲ. ಹಿಮ ಬಿದ್ದ ದಿನ ಹೋಗುವುದಿಲ್ಲ. ಅವತ್ತು ಊರೆಲ್ಲ ಗಾಡಿ ತಂದು ರಸ್ತೆ ಕಟ್ಟಿಹೋಗುತ್ತದೆ, ಮೋಡವೂ ಇರುತ್ತದೆ. ಎರಡನೇ ದಿನ, ಬಿಸಿಲು ಬಂದ ಮೇಲೆ. ಸೂರ್ಯ ಹುಟ್ಟುವಾಗ ಹೊರಟು, ಎಲ್ಲೇ ಇದ್ದರೂ ಹನ್ನೊಂದಕ್ಕೆ ತಿರುಗುವುದು. ನವೀನನ ಮುಖ ಸಣ್ಣದಾಗಿದ್ದನ್ನು ನೋಡಿ ಕಾಕ ಕೊನೆಯ ಮಾತು ಹೇಳಿದರು.

"ಮೊದಲ ಹಿಮದ ಬೆಟ್ಟಕ್ಕೆ ನನ್ನದು ಒಂದೇ ಪರೀಕ್ಷೆ. ಎಲ್ಲಿ ನಿಂತು ತಿರುಗಿ ನೋಡಿದ್ರೂ ನಿಮ್ಮ ಗಾಡಿ ಕಾಣ್ಬೇಕು. ಗಾಡಿ ಕಾಣದ ಬೆಟ್ಟವನ್ನು ಎರಡನೇ ವರ್ಷ ಹತ್ತಿ."

ಬೆಟ್ಟದ ಆಯ್ಕೆ ಆಯಿತು. ಇನ್ನು ಹತ್ತುವವರ ಆಯ್ಕೆ. ಖೋಬರಿನಲ್ಲಿ ಚಳಿಯ ಅಂಗಿ, ಕೈಗವಸು ಎಲ್ಲವನ್ನೂ ಕೊಳ್ಳಬಹುದು, ಪರೀಕ್ಷಿಸಲು ಚಳಿ ಇಲ್ಲ. ಕಾಕನ ಊರಿನವರೊಬ್ಬರು ದಮ್ಮಾಮಿನ ಶೀತಲ ಗೋದಾಮೊಂದರಲ್ಲಿ ಮೇಲ್ವಿಚಾರಕರಾಗಿದ್ದರು. ಒಂದು ಶನಿವಾರ ಬೆಳಿಗ್ಗೆ ನಾವೆಲ್ಲ ಬೆಟ್ಟದ ಉಡುಪು ತೊಟ್ಟು, ಮುನ್ನೆಚ್ಚರಿಕೆಗೆ ಒಂದು ಫಾರ್ಮಿನಲ್ಲಿ ಸಹಿ ಹಾಕಿ, ಮಂಜುಗಟ್ಟಿದ ಕೋಳಿಯ ಪೆಟ್ಟಿಗೆಗಳ ನಡುವೆ ನಿಂತೆವು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಪಠಾಣ ಗಾಡಿ ನಿಲ್ಲಿಸಿ ನಮ್ಮನ್ನು ಒಬ್ಬೊಬ್ಬರಾಗಿ ನೋಡಿ, ಇವರನ್ನು ಯಾವ ಅಂಗಡಿಗೆ ಕಳಿಸಬೇಕು ಎಂದು ಮೇಲ್ವಿಚಾರಕರನ್ನು ಕೇಳಿದ.

ಇಪ್ಪತ್ತು ನಿಮಿಷ. ಕಾಕ ಕೈಯಲ್ಲಿ ಕಾಗದ ಹಿಡಿದು ಒಬ್ಬೊಬ್ಬರ ಬಳಿ ಬಂದು ಕೇಳುತ್ತಿದ್ದರು. "ಕಾಲು? ಕಿವಿ? ಬೆರಳು?"

ನನ್ನ ಬೆರಳುಗಳು ಹತ್ತನೇ ನಿಮಿಷಕ್ಕೇ ಸತ್ತಿದ್ದವು. ನನಗೆ ಅದು ಹೊಸದಲ್ಲ. ಚಳಿ ತಾಗಿದರೆ ನನ್ನ ಬೆರಳಿನಿಂದ ರಕ್ತ ಹಿಂದಕ್ಕೆ ಸರಿಯುತ್ತದೆ. ಮೇಣದ ಬತ್ತಿಯ ಹಾಗೆ ಬೆಳ್ಳಗಾಗಿ ಮುಟ್ಟಿದ್ದು ಗೊತ್ತಾಗುವುದಿಲ್ಲ. ಕಾಲೇಜಿನ ದಿನಗಳಲ್ಲಿ ಮೈಸೂರಿನ ವೈದ್ಯರು ನೋಡಿ, ಜೀವಕ್ಕೆ ಏನೂ ಇಲ್ಲ, ಚಳಿಯಿಂದ ದೂರ ಇರು ಎಂದಿದ್ದರು. ಹೊರಗೆ ಬಂದ ಮೇಲೆ ಅಮ್ಮ, "ಇದನ್ನ ಯಾರ ಹತ್ರಾನೂ ಆಡ್ಬೇಡ. ನಾಳೆ ಹುಡುಗನ ಮನೆಯವರು ಬೆರಳಿಂದಲೇ ಶುರು ಮಾಡ್ತಾರೆ," ಎಂದಿದ್ದಳು. ತಪ್ಪನ್ನು ಅಮ್ಮನ ಮೇಲೆ ಹಾಕುತ್ತಿಲ್ಲ. ನನ್ನ ಸ್ವಭಾವವೂ ಅದೇ. ನನ್ನ ಮೈಯ ವಿಷಯ ನಾಲ್ಕು ಜನರ ಬಾಯಲ್ಲಿ ಕರುಣೆಯಾಗಿ ತಿರುಗುವುದು ನನಗೆ ಆಗುವುದಿಲ್ಲ. ಲವೀನಾಗೆ ಗೊತ್ತಾದರೆ ಸಂಜೆಯೊಳಗೆ ಅವಳ ಶಾಲೆಯ ಟೀಚರುಗಳೆಲ್ಲ ನನಗಾಗಿ ಪ್ರಾರ್ಥನೆ ಮಾಡುತ್ತಿದ್ದರು.

"ಬೆರಳು?" ಎಂದು ಕಾಕ ಕೇಳಿದರು.

"ಸರಿ ಇದೆ."

ಕೈ ಜೇಬಿನಲ್ಲಿತ್ತು. ಅವರು ಒಂದು ಕ್ಷಣ ಜೇಬಿನ ಕಡೆ ನೋಡಿದರು. ಆಮೇಲೆ ಕಾಗದದ ಮೇಲೆ 'ಸರಿ' ಎಂದು ಬರೆದರು. ಪ್ರಯೋಗಾಲಯದಲ್ಲಿ ನಾನು ದಿನಕ್ಕೆ ಇಪ್ಪತ್ತು ಮೂವತ್ತು ಅಳತೆಗಳಿಗೆ ಸಹಿ ಹಾಕುತ್ತೇನೆ. ದಶಾಂಶದ ನಾಲ್ಕನೇ ಸ್ಥಾನದಲ್ಲಿ ಅನುಮಾನವಿದ್ದರೂ ಮತ್ತೆ ತೂಗುತ್ತೇನೆ. ಅವತ್ತು ಮಾತ್ರ ಒಂದು ಸುಳ್ಳು ಅಳತೆ ಕೊಟ್ಟೆ.

ಗೋದಾಮಿನಿಂದ ಹೊರಬಂದು ಬಿಸಿಲಿನಲ್ಲಿ ಶವರ್ಮಾ ತಿನ್ನುತ್ತ ಕೂತಾಗ ಕಾಕ ಫೋನಿನಲ್ಲಿ ಒಂದು ಹಳೆಯ ಫೋಟೋ ತೋರಿಸಿದರು. ಗಲ್ಫಿಗೆ ಬರುವ ಮೊದಲು ಅವರು ಹಿಮಾಚಲದಲ್ಲಿ ಸುರಂಗದ ಕೆಲಸವೊಂದರಲ್ಲಿ ಎರಡು ಚಳಿಗಾಲ ಇದ್ದರಂತೆ. ಹಿಮದ ಬಗ್ಗೆ ಅವರಿಗೆ ಗೊತ್ತಿದ್ದುದೆಲ್ಲ ಅಲ್ಲಿ ಕಲಿತದ್ದು. ಕ್ಯಾಂಪಿನ ಹಿಂದೆ ಒಂದು ಸಣ್ಣ ಬೆಟ್ಟ. ದಿನವೂ ಹಲ್ಲುಜ್ಜುತ್ತ ಅದನ್ನೇ ನೋಡುತ್ತಿದ್ದರಂತೆ. ಹತ್ತಲು ಒಂದು ದಿನವೂ ರಜೆ ಸಿಗಲಿಲ್ಲ.

"ಹಾಗಾದ್ರೆ ನೀವೂ ಹಿಮದ ಬೆಟ್ಟ ಹತ್ತಿಲ್ಲ?" ಎಂದು ನಾನು ಕೇಳಿದೆ.

"ಎಲ್ಲಿ ಹತ್ತಿದ್ದು? ರಿಟೈರ್ ಆದ ಮೇಲೆ ಮೊದಲು ಹತ್ತುದು ಇದನ್ನೇ. ಪರ್ಮಿಟ್ ಬರೆದಿಟ್ಟಿದ್ದೇನೆ. ತಾರೀಕು ಹಾಕ್ಲಿಕ್ಕೆ ಮಾತ್ರ ಬಾಕಿ."

"ಅಲ್ಲಿಂದ ಗಾಡಿ ಕಾಣ್ತದಾ?" ಎಂದು ಲವೀನಾ ಕೆಣಕಿದಳು.

"ಅಡುಗೆಯವನ ಒಲೆಯ ಹೊಗೆ ಕಾಣ್ತದೆ ಟೀಚರೇ. ಗಾಡಿಗಿಂತ ಅದು ಒಳ್ಳೆದಲ್ವಾ?"

ಆ ಚಳಿಗಾಲ ತಬೂಕಿನ ಕಡೆ ಹಿಮ ಬಿದ್ದ ಸುದ್ದಿ ಬಂದ ಸಂಜೆಯೇ ನಾವು ಐವರು ವಿಮಾನ ಹತ್ತಿದೆವು. ಮರುದಿನ ಮುಂಜಾನೆ ದಿಣ್ಣೆಯ ಬುಡದಲ್ಲಿ ಬಾಡಿಗೆಯ ಬಿಳಿ ಜೀಪು ನಿಲ್ಲಿಸಿದಾಗ ಕಾಕ ಅದರ ಮೇಲೆ ಒಂದು ಕೆಂಪು ಟವೆಲ್ ಕಟ್ಟಿದರು. "ಬಿಳಿಯಲ್ಲಿ ಬಿಳಿ ಕಾಣುದಿಲ್ಲ," ಎಂದರು. ಇಂಥದ್ದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಹಿಮ ಪಾದ ಮುಳುಗುವಷ್ಟು ಮಾತ್ರ ಇತ್ತು. ಹೆಜ್ಜೆ ಇಟ್ಟಾಗಲೆಲ್ಲ ಅವಲಕ್ಕಿ ತುಳಿದಂತೆ ಸದ್ದು. ಆಕಾಶ ನೀಲಿ. ಅರ್ಧ ಗಂಟೆಗೊಮ್ಮೆ ಕಾಕ ನಿಂತು, "ಗಾಡಿ ಕಾಣ್ತದಾ?" ಎಂದು ಕೂಗುತ್ತಿದ್ದರು. ನಾವೆಲ್ಲ ತಿರುಗಿ ಆ ಕೆಂಪು ಚುಕ್ಕಿಯನ್ನು ಹುಡುಕಿ, "ಕಾಣ್ತದೆ!" ಎಂದು ಕೂಗುತ್ತಿದ್ದೆವು. ಲವೀನಾ ಶಾಲೆಯ ಮಕ್ಕಳ ಹಾಗೆ ರಾಗ ಎಳೆಯುತ್ತಿದ್ದಳು. ನಿಜ ಹೇಳಬೇಕೆಂದರೆ ನನ್ನ ಜೀವನದಲ್ಲಿ ಅಷ್ಟು ಖುಷಿಯ ಬೆಳಿಗ್ಗೆಗಳು ಹೆಚ್ಚಿಲ್ಲ.

ಒಂಬತ್ತರ ಹೊತ್ತಿಗೆ ದಿಣ್ಣೆಯ ಬೆನ್ನಿಗೆ ಬಂದೆವು. ಅಲ್ಲಿ ಗಾಳಿ. ನನ್ನ ಬೆರಳುಗಳು ಮೊದಲು ಉರಿದವು, ಆಮೇಲೆ ಹೋದವು. ಕೈಗವಸಿನೊಳಗೆ ನನ್ನದರ ಬದಲು ಬೇರೆ ಯಾರದೋ ಕೈ ಇದ್ದಂತೆ. ಹತ್ತು ಗಂಟೆಗೆ ನೀರು ಕುಡಿಯಲು ನಿಂತೆವು. ತುದಿ ಎದುರಿಗೇ ಕಾಣುತ್ತಿತ್ತು, ಇನ್ನು ಮುಕ್ಕಾಲು ಗಂಟೆಯ ದಾರಿ. ನಾನು ಎಲ್ಲರಿಗೂ ಬೆನ್ನು ಮಾಡಿ ಬಾಟಲಿಯ ಮುಚ್ಚಳ ತೆಗೆಯಲು ನೋಡಿದೆ. ಬೆರಳು ಮಡಚಲಿಲ್ಲ. ಎರಡು ಮಣಿಕಟ್ಟುಗಳ ನಡುವೆ ಬಾಟಲಿಯನ್ನು ಒತ್ತಿ ಹಿಡಿದು ಹಲ್ಲಿನಿಂದ ತಿರುಗಿಸತೊಡಗಿದೆ. ತಲೆ ಎತ್ತಿದಾಗ ಕಾಕ ನನ್ನನ್ನೇ ನೋಡುತ್ತಿದ್ದರು.

ನನ್ನ ಜೇಬಿನಲ್ಲಿ ಹಳದಿ ಚೀಟಿ ಇತ್ತು. ಅದನ್ನು ತೆಗೆದರೆ ಆ ಕ್ಷಣದಲ್ಲಿ ಯಾರೂ ಏನೂ ಕೇಳುವಂತಿರಲಿಲ್ಲ. ಆದರೆ ಆಮೇಲೆ ಕಾರಣ ಬರೆಯಬೇಕಿತ್ತು. ನಾನು ಕಣ್ಣು ತಪ್ಪಿಸಿದೆ.

ಕಾಕ ತಮ್ಮ ಜೇಬಿನಿಂದ ಚೀಟಿ ತೆಗೆದು ಎತ್ತಿ ಹಿಡಿದರು. ಅವರು ಅದನ್ನು ತೆಗೆದದ್ದನ್ನು ಅದುವರೆಗೆ ನಾವು ಯಾರೂ ನೋಡಿರಲಿಲ್ಲ.

"ನಿಲ್ಲಿ. ವಾಪಸ್."

"ಏನಾಯ್ತು ಕಾಕಾ?" ನವೀನ್ ನಿಯಮ ಮರೆತು ಕೇಳಿಯೇಬಿಟ್ಟ. "ತುದಿ ಇಲ್ಲೇ ಇದೆಯಲ್ಲ! ಹನ್ನೊಂದಕ್ಕೆ ಇನ್ನೂ ಒಂದು ಗಂಟೆ ಇದೆ!"

"ನನ್ನ ಮೊಣಕಾಲು. ಎಡದ್ದು. ಇನ್ನು ಆಗುದಿಲ್ಲ."

"ನೀವು ಇಲ್ಲೇ ಕೂತಿರಿ, ನಾವು ಮುಟ್ಟಿ ಬರ್ತೀವಿ."

"ಒಬ್ಬ ನಿಂತರೆ ಎಲ್ಲರೂ ನಿಂತ ಹಾಗೆ. ಸಹಿ ಹಾಕಿದ್ದೀಯಲ್ಲ?" ಎಂದವರು ನನ್ನ ಕಡೆ ತಿರುಗಿ, ಬಿಸಿ ಚಹಾ ತುಂಬಿದ್ದ ದೊಡ್ಡ ಸ್ಟೀಲ್ ಫ್ಲಾಸ್ಕಿನ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ, ಅದಕ್ಕೊಂದು ಉಣ್ಣೆಯ ಟೋಪಿ ಸುತ್ತಿ ನನ್ನ ಎದೆಗೆ ಕೊಟ್ಟರು. "ಮಾರಾಯ್ತಿ, ಈ ಭಾರ ನನ್ನಿಂದ ಆಗುದಿಲ್ಲ. ನೀನು ಹಿಡ್ಕೊ. ಜಾಕೆಟಿನ ಒಳಗೆ ಇಟ್ಕೊ, ಚಹಾ ತಣಿಯುದು ಬೇಡ. ಎರಡೂ ಕೈಯಲ್ಲಿ ಹಿಡಿ."

ಫ್ಲಾಸ್ಕಿನ ಬಾಯಿಯಿಂದ ಹಬೆ ಬಂದು ಉಣ್ಣೆಯನ್ನು ಬೆಚ್ಚಗೆ ಮಾಡುತ್ತಿತ್ತು. ಇಳಿಯುವ ದಾರಿಯುದ್ದಕ್ಕೂ ಜಾಕೆಟಿನ ಒಳಗೆ ಅದನ್ನು ತಬ್ಬಿ ನಡೆದೆ. ಅರ್ಧ ದಾರಿಯಲ್ಲಿ ಬೆರಳಿಗೆ ಜೀವ ಬಂತು, ಸೂಜಿ ಚುಚ್ಚಿದ ಹಾಗೆ. ನನ್ನ ಮುಂದೆ ಕಾಕ ಎಡಗಾಲನ್ನು ಎಳೆಯುತ್ತ ಇಳಿಯುತ್ತಿದ್ದರು. ಲವೀನಾ ಅವರಿಗೆ ತನ್ನ ಕೋಲು ಕೊಟ್ಟಳು. ನವೀನ್ ಎಲ್ಲರಿಗಿಂತ ಮುಂದೆ ಇಳಿದುಹೋದ.

ಗಾಡಿಯಲ್ಲಿ ಕೂತು ಕಾಕ ಪರ್ಮಿಟ್ ತುಂಬಿದರು. ನಿಲ್ಲಿಸಿದ ಕಾರಣ ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆದರು: 'ನನ್ನ ಮೊಣಕಾಲು (ಎಡ).' ಸಹಿ ಹಾಕಿದರು. ನಾನು ಹಿಂದಿನ ಸೀಟಿನಿಂದ ಅದನ್ನು ನೋಡಿದೆ.

ಒಂದು ವಾರದೊಳಗೆ ನಮ್ಮ ಗುಂಪಿನ ವಾಟ್ಸಾಪಿನಲ್ಲಿ ನವೀನ್ ಮಾಡಿದ ಚಿತ್ರ ಬಂತು. ಬೆಟ್ಟದ ಮೇಲೆ ಕೂತು ಚೀಟಿ ತೋರಿಸುತ್ತಿರುವ ಒಂದು ಮೊಣಕಾಲು. ಕೆಳಗೆ 'ಮೊಣಕಾಲು ಕಾಕ' ಎಂಬ ಹೆಸರು. ಎಲ್ಲರೂ ನಗುವ ಮುಖಗಳನ್ನು ಹಾಕಿದರು. ಕಾಕ ಹೆಬ್ಬೆರಳು ಎತ್ತಿದರು. ಸುಮ್ಮನಿದ್ದರೆ ಎದ್ದು ಕಾಣುತ್ತೇನೆ ಎಂದು ನಾನೂ ಒಂದು ನಗುವ ಮುಖ ಹಾಕಿದೆ.

ಆ ತಿಂಗಳು ಕಾರ್ಖಾನೆಯಲ್ಲಿ ಒಮ್ಮೆ ಮಾದರಿ ತರಲು ಟವರಿನ ಬಳಿ ಹೋದಾಗ, ಕಾಕ ಐದಂತಸ್ತಿನ ಕಬ್ಬಿಣದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಹತ್ತುವುದನ್ನು ಕಂಡೆ. ಮೇಲೆ ತಿರುವಿನಲ್ಲಿ ಯಾರೋ ಕೆಳಗಿದ್ದಾರೆಂದು ತಿಳಿದು ತಟ್ಟನೆ ಕುಂಟತೊಡಗಿದರು. ಬಗ್ಗಿ ನೋಡಿ, ನಾನೆಂದು ಗೊತ್ತಾದ ಮೇಲೆ ಕುಂಟುವುದನ್ನು ನಿಲ್ಲಿಸಿದರು.

"ಕಾಕಾ, ನಾನು ಅವ್ರಿಗೆಲ್ಲ ಹೇಳಿಬಿಡ್ತೀನಿ," ಎಂದೆ.

"ಎಂತ ಹೇಳುದು? ಕಾಲು ನನ್ನದು."

"ಸುಳ್ಳು ಬರೆದಿರಿ ನೀವು. ನನ್ನಿಂದ."

ಅವರು ಹೆಲ್ಮೆಟ್ ತೆಗೆದು ತಲೆ ಒರೆಸಿಕೊಂಡರು. "ಗೋದಾಮಿನಲ್ಲೇ ನನಗೆ ಸಂಶಯ ಬಂದಿತ್ತು. ಕೈ ತೋರ್ಸು ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ಆ ತಪ್ಪು ನನ್ನದು. ಹೇಳುದು ಬಿಡುದು ನಿನ್ನ ಚೀಟಿ. ಇನ್ನೊಬ್ಬರ ಜೇಬಿಂದ ನಾನು ಚೀಟಿ ತೆಗೆಯುದಿಲ್ಲ."

ಅದನ್ನು ನಾನು ಸುಮ್ಮನಿರಲು ಅನುಮತಿ ಎಂದು ತಿಳಿದೆ. ಹಾಗೆ ತಿಳಿಯುವುದು ನನಗೆ ಸುಲಭವಾಗಿತ್ತು.

ಮರುವರ್ಷ ಹಿಮ ಬಿದ್ದಾಗ ನವೀನ್ ಮುಂದಾಳಾದ. "ಪಾಪ, ಕಾಕನಿಗೆ ಯಾಕೆ ತೊಂದರೆ," ಎಂದು ಗುಂಪಿನಲ್ಲಿ ಬರೆದ. ಕಾಕ ಖಾಲಿ ಪರ್ಮಿಟ್ ಕಾಗದಗಳ ಕಟ್ಟನ್ನೂ ಕೆಂಪು ಟವೆಲನ್ನೂ ತಂದು ಅವನಿಗೆ ಕೊಟ್ಟರು. ನನಗೆ ಲ್ಯಾಬಿನಲ್ಲಿ ರಜೆ ಇಲ್ಲ ಎಂದು ಇನ್ನೊಂದು ಸುಳ್ಳು ಹೇಳಿ ಉಳಿದೆ. ಅವರು ತುದಿ ಮುಟ್ಟಿದ ಫೋಟೋ ಬಂತು. ಕಾಕ ಮತ್ತೆ ಹೆಬ್ಬೆರಳು ಎತ್ತಿದರು. ಅದಾಗಿ ನಾಲ್ಕು ತಿಂಗಳಿಗೆ ನಿವೃತ್ತರಾಗಿ ಊರಿಗೆ ಹೋದರು. ಬೀಳ್ಕೊಡುಗೆಯ ದಿನ ಬೆಟ್ಟದ ಪರ್ಮಿಟ್‌ಗಳ ಫೈಲನ್ನು ನನ್ನ ಕೈಗಿಟ್ಟು, "ನೀನು ಲೆಕ್ಕದವಳು, ಇಟ್ಕೊ," ಎಂದರು. ಆ ದಿಣ್ಣೆಯ ಕಾಗದವೂ ಅದರಲ್ಲಿತ್ತು. ನಾನು ಫೈಲನ್ನು ಕಪಾಟಿನ ಮೇಲಿಟ್ಟೆ. ತೆರೆಯಲಿಲ್ಲ.

ಈ ವರ್ಷ ಸೆಪ್ಟೆಂಬರಿನ ಒಂದು ಸಂಜೆ ಲವೀನಾ ಅಡುಗೆಮನೆಯಿಂದ ಹೇಳಿದಳು. ಅವಳು ಕಾಕನ ಹೆಂಡತಿಯೊಂದಿಗೆ ಮೊದಲಿನಿಂದಲೂ ವಾರಕ್ಕೊಮ್ಮೆ ಮಾತಾಡುತ್ತಾಳೆ.

"ಕಾಕನಿಗೆ ಜೂನಿನಲ್ಲಿ ಎದೆನೋವು ಬಂದು ಸ್ಟೆಂಟ್ ಹಾಕಿದ್ರಂತೆ. ಈಗ ಆರಾಮ. ಎತ್ತರಕ್ಕೆ, ಚಳಿಗೆ ಮಾತ್ರ ಹೋಗ್ಲೇಬಾರ್ದು ಅಂತ ಡಾಕ್ಟ್ರು."

"ಹಿಮಾಚಲದ ಬೆಟ್ಟ?"

"ಅದೆಲ್ಲಿ? ಹೋದ ಚಳಿಗಾಲದಲ್ಲೇ ಹೊರಟಿದ್ರು. ಮಗ ಟಿಕೆಟ್ಟೂ ತೆಗ್ದಿದ್ದ. ಹೆಂಡತಿ ಬಿಡ್ಲಿಲ್ಲ. ಮೊಣಕಾಲು ಆ ರೀತಿ ಇರುವಾಗ ಯಾರು ಬಿಡ್ತಾರೆ? ಅವ್ರಿಗೆ ಮೊಣಕಾಲಿನ ವಿಷಯ ಹೇಳಿದ್ದೇ ನಾನು. ಇಲ್ಲದಿದ್ರೆ ಕಾಕ ಮುಚ್ಚಿಡ್ತಿದ್ರು, ಗೊತ್ತುಂಟಾ?"

ನಾನು ಪಾತ್ರೆ ತೊಳೆಯುತ್ತಿದ್ದೆ, ಯಾವಾಗಿನಂತೆ ಬಿಸಿನೀರಿನಲ್ಲಿ. ನಲ್ಲಿ ನಿಲ್ಲಿಸಿ ಅವಳಿಗೆ ಎಲ್ಲವನ್ನೂ ಹೇಳಿದೆ. ಗೋದಾಮು, ಬಾಟಲಿ, ಫ್ಲಾಸ್ಕು.  ಲವೀನಾ ನನ್ನ ಒದ್ದೆ ಕೈಯನ್ನು ತಿರುಗಿಸಿ ನೋಡಿದಳು.

"ಇದಕ್ಕಾ? ಇಷ್ಟಕ್ಕಾ?" ಎಂದಳು. "ಅವರ ಹೆಂಡತಿಗೆ ನೀನೇ ಹೇಳ್ಬೇಕು. ನಾನು ಹೇಳುದಿಲ್ಲ."

ಮೊದಲು ಗುಂಪಿನಲ್ಲಿ ಬರೆದೆ. ಬರೆಯುವುದು ನನಗೆ ಮಾತಿಗಿಂತ ಸುಲಭ. ನಾಲ್ಕು ಸಾಲು. ನವೀನನ ಉತ್ತರ ಒಂದು ಗಂಟೆಯ ಮೇಲೆ ಬಂತು. "ನಾನು ಅವ್ರನ್ನ ಎಷ್ಟು ಆಡ್ಕೊಂಡೆ. ನೀನೂ ನಕ್ಕೆಯಲ್ಲೇ."

ಮರುದಿನ ಬೆಳಿಗ್ಗೆ ಫೈಲನ್ನು ತೆಗೆದು ಮುಂದಿಟ್ಟುಕೊಂಡು ಮಂಗಳೂರಿಗೆ ಫೋನು ಮಾಡಿದೆ. ಕಾಕನ ಹೆಂಡತಿ ಎತ್ತಿದರು. ನನ್ನನ್ನು ಅವರು ನೋಡಿಲ್ಲ, ಹೆಸರು ಗೊತ್ತಿತ್ತು. "ಲ್ಯಾಬಿನ ಹುಡುಗಿಯಾ? ಇವ್ರು ಹೇಳ್ತಾ ಇರ್ತಾರೆ," ಎಂದು ಪ್ರೀತಿಯಿಂದ ಮಾತು ತೆಗೆದರು. ನಾನು ಬರೆದಿಟ್ಟುಕೊಂಡಿದ್ದನ್ನು ಓದಿದ ಹಾಗೆ ಹೇಳಿ ಮುಗಿಸಿದೆ. ಆ ಕಡೆ ಕೂಗುತ್ತಿದ್ದ ಕುಕ್ಕರಿನ ಒಲೆಯನ್ನು ಅವರು ಆರಿಸಿದರು.

"ಯಾ ಅಲ್ಲಾ," ಎಂದರು. "ಇವ್ರು ಊರಿಗೆ ಬಂದಾಗಿನಿಂದ ಆ ಕಾಲಿಗೆ ಎಣ್ಣೆ ತಿಕ್ಕಿದ್ದೇನೆ ನಾನು. ಎಕ್ಸ್‌ರೇ ತೆಗ್ಸಿದ್ರೆ ಎಲುಬಿನಲ್ಲಿ ಎಂತದ್ದೂ ಇಲ್ಲ ಅಂದ್ರು ಡಾಕ್ಟ್ರು. ನಾನು ಡಾಕ್ಟ್ರನ್ನೇ ಬದ್ಲಾಯಿಸಿದೆ. ನೋವು ಎಲ್ಲಿ ಅಂತ ಕೇಳಿದ್ರೆ 'ಒಳಗೆ' ಅಂತಿದ್ರು ಇವ್ರು."

ನನಗೆ ನಗು ಬರಲಿಲ್ಲ. ಅವರೂ ನಗಲಿಲ್ಲ.

"ಕಪಾಟಿನಲ್ಲಿ ಅವರದ್ದೊಂದು ಕಾಗದ ಉಂಟು. ಆ ಬೆಟ್ಟದ್ದು. ತಾರೀಕು ಹಾಕ್ಲಿಲ್ಲ. ಡಿಸೆಂಬರಿನಲ್ಲಿ ಅದನ್ನು ಹಿಡ್ಕೊಂಡು ನನ್ನ ಹತ್ರ ಬಂದು ಕೂತಿದ್ರು. ನಾನು ಬೈದೆ. ಈ ಕಾಲು ಇಟ್ಕೊಂಡು ನಾಚಿಕೆ ಆಗುದಿಲ್ವಾ ನಿಮ್ಗೆ ಅಂತ. ಒಂದು ಮಾತಾಡದೆ ಮಡಚಿ ಒಳಗೆ ಇಟ್ರು." ಆಮೇಲೆ, "ಹೋದ ವರ್ಷ ಒಂದು ಮಾತು ಹೇಳ್ಬಹುದಿತ್ತಲ್ಲ ಮಗಾ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಒಳ್ಳೆಯದಿತ್ತು.

"ಹೌದು," ಎಂದೆ.

ಅವರು ಫೋನನ್ನು ಕಾಕನಿಗೆ ಕೊಟ್ಟರು. ಕೊಡುವ ಮೊದಲು ಬ್ಯಾರಿಯಲ್ಲಿ ಏನೋ ಗಟ್ಟಿಯಾಗಿ ಹೇಳಿದ್ದು ಕೇಳಿಸಿತು. ಕಾಕನ ಧ್ವನಿ ಸ್ವಲ್ಪ ತೆಳ್ಳಗಾಗಿತ್ತು.

"ಎಂತ ಮಾರಾಯ್ತಿ. ಚೀಟಿ ತೆಗೆದ್ಯಾ?"

"ತೆಗೆದೆ ಕಾಕಾ. ತಡ ಆಯ್ತು."

ಇಲ್ಲ, ತಡ ಏನಿಲ್ಲ ಎಂದು ಅವರು ಹೇಳಬಹುದು ಎಂದು ನಾನು ಕಾದಿದ್ದೆ ಅನಿಸುತ್ತದೆ. ಅವರು ಹಾಗೆ ಹೇಳಲಿಲ್ಲ. ಅವರು ದಾಖಲೆಯ ಮನುಷ್ಯ.

"ಹ್ಞೂಂ. ತಡ ಆಯ್ತು," ಎಂದರು. "ಆ ಕಾಗದ ನಿನ್ನ ಹತ್ರ ಉಂಟಲ್ಲ?"

"ಮುಂದೇನೇ ಇದೆ."

"ಕಾರಣ ಅಂತ ಇರುವಲ್ಲಿ ಒಂದು ಗೆರೆ ಎಳಿ. ಉಜ್ಜಿ ಅಳಿಸ್ಬೇಡ, ಹಳೇದ್ದು ಓದ್ಲಿಕ್ಕೆ ಕಾಣ್ಬೇಕು. ಮೇಲೆ ಸರಿಯಾದ್ದು ಬರೆ. ನಿನ್ನ ಸಹಿ, ಇವತ್ತಿನ ತಾರೀಕು."

ನಾನು ಗೆರೆ ಎಳೆದೆ. ಅವರ ದುಂಡಗಿನ ಅಕ್ಷರಗಳ ಮೇಲೆ ನನ್ನ ಹೆಸರು ಬರೆದು, 'ಬೆರಳುಗಳು' ಎಂದು ಬರೆದೆ. ಅವರು ಫೋನು ಹಿಡಿದು ಕಾದರು.

"ಬರೆದೆ," ಎಂದೆ.

"ಗೋದಾಮಿನ ಕಾಗದ ಇಲ್ಲಿ ನನ್ನ ಹತ್ರ ಉಂಟು. ಅದೂ ಸರಿ ಆಗ್ಬೇಕು. ಕೇಳ್ತೇನೆ, ಹೇಳು. ಬೆರಳು?"

"ಬೆಳ್ಳಗಾಗ್ತವೆ ಕಾಕಾ. ಚಳಿಗೆ. ಹತ್ತೇ ನಿಮಿಷಕ್ಕೆ."

"ತಡಿ, ಬರ್ಕೊಳ್ತೇನೆ," ಎಂದು ಅವರು ಫೋನನ್ನು ಎಲ್ಲಿಯೋ ಇಟ್ಟರು. ಕಪಾಟಿನ ಬಾಗಿಲು ತೆಗೆಯುವ ಸದ್ದು, ಕಾಗದಗಳನ್ನು ಸರಿಸುವ ಸದ್ದು, ಆಮೇಲೆ ಹೆಂಡತಿಯನ್ನು ಪೆನ್ನು ಎಲ್ಲಿ ಎಂದು ಕೇಳುವುದು ಕೇಳಿಸಿತು.